ಕಿಡಿಯ ಕಾಲಿಗೆ ಕಬ್ಬಿಣ

ಸುಟ್ಟ ಗೊರಸಿನ ವಾಸನೆ!

ನಾನು ಅದರಲ್ಲೇ ಬೆಳೆದವಳು. ಅಪ್ಪ ಕುದುರೆಗಳಿಗೆ ಲಾಳ ಕಟ್ಟುತ್ತಿದ್ದರು. ಕಾದ ಕಬ್ಬಿಣ ಗೊರಸಿಗೆ ತಾಗಿದಾಗ ಏಳುವ ಹೊಗೆ ಅವರ ಅಂಗಿಯಲ್ಲಿ, ನಮ್ಮ ಹೊದಿಕೆಯಲ್ಲಿ, ನನ್ನ ಶಾಲೆಯ ಚೀಲದಲ್ಲೂ ಇರುತ್ತಿತ್ತು.

ಈಗ ಅದೇ ವಾಸನೆ ಲಾಯದ ಒಳಗಿನಿಂದ ಬರುತ್ತಿತ್ತು. ನನ್ನ ಕೈಯನ್ನು ಬೆನ್ನಿಗೆ ತಿರುಚಿ ಹಿಡಿದಿದ್ದವನು ಕುದುರೆಯ ಮಾಲೀಕರ ಬಾಡಿಗಾರ್ಡ್. ಎಲ್ಲರೂ ಅವನನ್ನು ಗೂಳಿ ಎನ್ನುತ್ತಿದ್ದರು.

“ಒಳಗೆ ಹೋಗೋ ಹಾಗಿಲ್ಲ ಮೇಡಂ.”

“ರೇಸ್ ಕ್ಲಬ್ಬಿನ ತನಿಖಾಧಿಕಾರಿ ಕಣಯ್ಯಾ ನಾನು. ಒಳಗೆ ಹೋಗ್ದೆ ಇದ್ರೆ ಸಂಬಳ ಯಾರು ಕೊಡ್ತಾರೆ? ನೀನಾ?”

ಅವನು ಇನ್ನಷ್ಟು ತಿರುಚಿದ. ಹಿಮ್ಮಡಿಯಿಂದ ಅವನ ಕಾಲ್ಬೆರಳು ತುಳಿದೆ. ಹಿಡಿತ ಸಡಿಲಾಯಿತು… ನುಗ್ಗಿದೆ!

ಕೇಳಿ. ಓಟದ ದಿನ ಕುದುರೆಗೆ ಹಗುರವಾದ ಅಲ್ಯೂಮಿನಿಯಂ ಲಾಳ. ತಣ್ಣಗಿರುವಾಗಲೇ ಬಡಿಯುತ್ತಾರೆ. ಬೆಂಕಿ ಹಾಕಿದ್ದಾರೆ ಎಂದರೆ, ಒಡೆದ ಗೊರಸನ್ನು ಬಿಗಿದು ಹಿಡಿಯಲು ಕಬ್ಬಿಣದ ಲಾಳ ಮಾಡಿದ್ದಾರೆ ಎಂದರ್ಥ.

ಒಳಗೆ ಕಿಡಿ ನಿಂತಿದ್ದಳು.

ಕಿಡಿ! ಓಟಕ್ಕೆಂದೇ ಬೆಳೆಸುವ ಥರೋಬ್ರೆಡ್ ತಳಿಯ ಹೆಣ್ಣು ಕುದುರೆ. ಮೊದಲ ಓಟದಲ್ಲಿ ಕಟ್ಟಕಡೆಯವಳು. ಜನ ನಕ್ಕಿದ್ದರು. ಆಮೇಲೆ ಓಟದಲ್ಲಿ ಅವಳ ಮುಖ ಕಂಡ ಕುದುರೆಯೇ ಇಲ್ಲ. ಎಲ್ಲವೂ ಬಾಲ ನೋಡಿದವೇ! ರೇಸಿನ ದೊಡ್ಡ ಟ್ರೋಫಿಯನ್ನು ಎರಡು ವರ್ಷ ಸತತವಾಗಿ ಗೆದ್ದಿದ್ದಳು. ಇವತ್ತು ಮೂರನೆಯ ಸಲ.

ಅವಳ ಮುಂಗಾಲಿನ ಬಳಿ ಟ್ರೈನರ್ ಕೂತಿದ್ದ. ನನ್ನ ಸ್ವಂತ ಅಣ್ಣ. ಕೈಯಲ್ಲಿ ಖಾಲಿ ಸಿರಿಂಜ್.

“ಅಣ್ಣಾ… ಮರಗಟ್ಟಿಸೋ ಇಂಜೆಕ್ಷನ್ನಾ?”

“ನೀನು ಬರಬಾರದಿತ್ತು ಪುಟ್ಟಿ.”

“ನೋವೇ ಗೊತ್ತಾಗದೆ ಪೂರ್ತಿ ಭಾರ ಹಾಕ್ತಾಳೆ! ಮೂಳೆ ಮುರಿಯತ್ತೆ! ಅಪ್ಪ ಇದನ್ನೇ ಹೇಳ್ಕೊಟ್ಟಿದ್ರಾ?”

“ಓಡದಿದ್ರೆ ಕಸಾಯಿಖಾನೆಗೆ ಅಂದಿದ್ದಾರೆ ಮಾಲೀಕರು. ಓಡಿದ್ರೆ ಸಾಯೋವರೆಗೂ ಹುಲ್ಲುಗಾವಲು. ಇದೊಂದೇ ಓಟ ಕಣೇ… ಇದೊಂದೇ!”

“ಅವರ ಮಾತು ನಂಬಿದ್ಯಾ?”

“ನಂಬದೆ ಇನ್ನೇನು ಮಾಡ್ಲಿ?”

ಹಿಂದಿನಿಂದ ಗೂಳಿ ನನ್ನನ್ನು ಎತ್ತಿ ಮೇವಿನ ಕೋಣೆಗೆ ಎಸೆದ. ಫೋನ್ ಕಿತ್ತುಕೊಂಡ. ಚಿಲಕ ಬಿತ್ತು. ಕಿರುಚಿದೆ, ಒದ್ದೆ, ಕೊನೆಗೆ ಕಿಟಕಿಯ ಗಾಜು ಒಡೆದು ಹೊರಗೆ ಬಿದ್ದೆ. ಅಷ್ಟರಲ್ಲಿ ಲೌಡ್‌ಸ್ಪೀಕರ್ ಕೂಗುತ್ತಿತ್ತು. ಕುದುರೆಗಳು ಓಟ ಶುರುವಾಗುವ ಗೇಟಿನಲ್ಲಿ!

ಓಡಿದೆ. ಮೊಣಕೈಯಿಂದ ರಕ್ತ. ಕಂಬಿ ಹಾರಿದೆ.

“ನಿಲ್ಲಿಸ್ರೀ! ಗೇಟ್ ತೆಗೀಬೇಡಿ!”

ಗೇಟ್ ತೆರೆಯಿತು.

ಅವಳು ಎಂದಿನಂತೆ ಮುಂದಿದ್ದಳು. ಕಿವಿ ನಿಮಿರಿಸಿಕೊಂಡು, ಖುಷಿಯಾಗಿ… ಇವತ್ತಿಗೂ ನನಗೆ ತಡೆಯಲಾಗದ್ದು ಆ ಖುಷಿ. ನೋವೇ ಇರಲಿಲ್ಲವಲ್ಲ!

ತಿರುವಿನಲ್ಲಿ ಟಕ್ ಎಂದು ಒಂದು ಸದ್ದು.

ಅವಳ ಬೆನ್ನಿಂದ ಬಿದ್ದ ಜಾಕಿ ತನ್ನ ಪೆಟ್ಟು ಮರೆತು, ತೆವಳಿಕೊಂಡು ಬಂದು ಅವಳ ಕುತ್ತಿಗೆ ಸವರುತ್ತಲೇ ಇದ್ದ. ಸುತ್ತಲೂ ಪರದೆ ಹಿಡಿದರು. ಮುರಿದ ಕಾಲು ಇನ್ನು ಕೂಡುವುದಿಲ್ಲ ಎಂದು ಡಾಕ್ಟರ್ ಕೊನೆಯ ಸೂಜಿ ತೆಗೆದರು. ಸೂಜಿ ಅವಳಿಗೆ ಕಾಣದಿರಲೆಂದು ಅಣ್ಣ ತನ್ನ ಕೋಟು ಬಿಚ್ಚಿ ಅವಳ ಕಣ್ಣಿಗೆ ಮುಚ್ಚಿದ. ಕಿವಿಯಲ್ಲಿ ಏನೋ ಹೇಳಿದ. ಅವಳು ತಲೆಯನ್ನು ಅವನ ತೊಡೆಯ ಮೇಲಿಟ್ಟಳು.

ಆಮೇಲೆ ಅವನು ಎದ್ದು ನನ್ನ ಮುಂದೆ ನಿಂತ.

“ನಡಿ ಪುಟ್ಟಿ. ನಿನ್ನ ಕೆಲಸ ಮಾಡು.”

“ಮಾಲೀಕರ ಹೆಸರು ಹೇಳ್ತೀಯಾ?”

“ಹೇಳ್ತೀನಿ. ಮೊದಲು ನನ್ನ ಹೆಸರು ಬರ್ಕೊ.”

ಸಂಜೆ ಪೊಲೀಸ್ ಠಾಣೆ. ಮಾಲೀಕರು ಒಳಗೆ, ಗೂಳಿ ಒಳಗೆ, ಅಣ್ಣನೂ ಒಳಗೆ. ಹೊರಗಿನ ಬೆಂಚಿನಲ್ಲಿ ನಾನೊಬ್ಬಳೇ.

ಅತ್ತಿಗೆ ಬಂದರು. ಅತ್ತು ಕಣ್ಣು ಊದಿತ್ತು. ಬಯ್ಯುತ್ತಾರೆ ಅಂದುಕೊಂಡೆ. ಎರಡು ಬಾರಿಸಿದರೂ ಸರಿ ಅಂದುಕೊಂಡೆ.

ಅವರು ಒಂದು ಡಬ್ಬಿಯನ್ನು ಅಣ್ಣನಿಗೆಂದು ಕಾನ್‌ಸ್ಟೇಬಲ್ ಕೈಗೆ ಕೊಟ್ಟರು. ಇನ್ನೊಂದನ್ನು ಮೆಲ್ಲಗೆ ನನ್ನ ಮಡಿಲಲ್ಲಿಟ್ಟರು. ಇನ್ನೂ ಬಿಸಿಯಿತ್ತು.

“ಗಂಡನ್ನ ಒಳಗೆ ಹಾಕ್ಸಿದವಳಿಗೂ ಊಟಾನಾ ಅತ್ತಿಗೆ?”

“ನಾಳೆ ಅವರ ಜಾಮೀನಿಗೆ ಓಡಾಡೋಳೂ ನೀನೇ ತಾನೇ? ತಿನ್ನು.”