ಕಾರ್ಡಿನ ಮೇಲೆ ಮೇಯ್ದ ಕುರಿ

ಸತ್ತ ತಾಯಿಯ ಫೋಟೊ ಮೇಲೆ ಕುರಿ ಬಂದು ನಿಂತಿತು!

ಕೊಳ್ಳೇಗಾಲದ ಆ ಡಿಟಿಪಿ ಅಂಗಡಿಗೆ, ತಾಯಿಯ ಶಿವಗಣಾರಾಧನೆ ಕಾರ್ಡಿನ ಪ್ರೂಫ್ ನೋಡಲು ಬಂದಿದ್ದ ಯಳಂದೂರಿನ ವೃಷಭೇಂದ್ರಪ್ಪನವರು ಕನ್ನಡಕ ಸರಿಮಾಡಿಕೊಂಡರು. ಕಂಪ್ಯೂಟರ್ ಪರದೆಯ ಮೂಲೆಯಿಂದ ಇನ್ನೊಂದು ಕುರಿ ಕುಣಿಯುತ್ತಾ ಬಂತು. ಫೋಟೊವನ್ನೇ ಮೇಯತೊಡಗಿತು.

"ಇದೇನಪ್ಪಾ ಇದು... ನಮ್ಮವ್ವ ಸತ್ತಿರೋದು ನಿಂಗೆ ತಮಾಸೆಯಾ?"

ಕಾರ್ಡು ತೋರಿಸುತ್ತಿದ್ದ ಅಂಗಡಿಯ ಹುಡುಗ ಬಸವಕುಮಾರ್ ಗಾಬರಿಯಿಂದ ಮೌಸ್ ಒತ್ತಿದ. ಹಿಡಿದೆಳೆದರೆ ಕುರಿ ಗಾಳಿಯಲ್ಲೇ ಕಾಲು ಬಡಿಯಿತು.

ಪಕ್ಕದ ಮೇಜಿನಲ್ಲಿ ಟೈಪ್ ಮಾಡುತ್ತಿದ್ದ ಮಧುಶ್ರೀ ಕೈ ನಿಲ್ಲಿಸಿದಳು. ಪರದೆ ಮೇಲೆ ಕುರಿ ಓಡಾಡಿಸುವ ಆ ತಮಾಷೆ ಪ್ರೋಗ್ರಾಂ ಅವನ ಕಂಪ್ಯೂಟರಿಗೆ ಹಾಕಿದ್ದು ಅವಳೇ! ವರ್ಷದಿಂದ ಪಕ್ಕದಲ್ಲೇ ಕೂತರೂ ತಲೆಯೆತ್ತಿ ನೋಡದ ಈ ಮಹಾಶಯ ಒಮ್ಮೆಯಾದರೂ ನಗಲಿ ಎಂದು, ಅವನು ಟೀಗೆ ಹೋದಾಗ ಹಾಕಿಟ್ಟಿದ್ದಳು.

'ಹೇಳೇ... ಈಗಲೇ ಹೇಳೇ!' ಮನಸ್ಸು ಚೀರಿತು. ಬಾಯಿ ಮಾತ್ರ ತೆರೆಯಲಿಲ್ಲ.

ಅವನದೇ ಚೇಷ್ಟೆ ಅಂದುಕೊಂಡ ಓನರ್ ಅವತ್ತೇ ಅವನನ್ನು ಕೆಲಸದಿಂದ ಬಿಡಿಸಿದರು. ಹೋಗುವಾಗ ಬಾಗಿಲಲ್ಲಿ ನಿಂತು ಅವನು ಒಂದೇ ಸಲ ಅವಳ ಕಡೆ ನೋಡಿದ. ಅವಳು ಕೀಬೋರ್ಡ್ ನೋಡುತ್ತಾ ಕೂತಳು. ಥೂ, ಎಂಥ ಹೆಣ್ಣು ನಾನು!

ಐದನೇ ದಿನ ಸಂಜೆ, ಅವನೂರು ಅಜ್ಜೀಪುರಕ್ಕೇ ಹೋಗಿ, ಫೋನ್ ಮಾಡಿ ಅವನನ್ನು ಬಸ್ ಸ್ಟಾಪಿಗೆ ಕರೆಸಿಕೊಂಡಳು. ಅವನು ಎದುರಿಗೆ ಬಂದು ನಿಂತರೂ ಅವಳಿಗೆ ತಲೆ ಎತ್ತಲಾಗಲಿಲ್ಲ.

"ಕುರಿ ಹಾಕಿದ್ದು ನಾನೇ..."

"ಗೊತ್ತು ಕಣ್ರಿ. ಅವತ್ತೇ ನಿಮ್ ಮುಖ ನೋಡಿ ಗೊತ್ತಾಯ್ತು. ಕೆಲ್ಸ ಓದ್ರೆ ಓಯ್ತು... ನೀವು ಬಾಯ್ ಬಿಡ್ತೀರೇನೋ ಅಂತ ಬಾಗ್ಲಲ್ಲಿ ನಿಂತಿದ್ದೆ."

ನಾಚಿಕೆಯಿಂದ ಅವಳ ಕಣ್ಣು ತುಂಬಿ ಬಂತು. ಆದರೂ ಮಾತು ಮುಂದುವರಿಸಿದಳು.

"ಇವತ್ತು ಯಳಂದೂರಿಗೆ ಹೋಗಿದ್ದೆ. ಆರಾಧನೆ ನಡೀತಿತ್ತು. ಅಷ್ಟು ಜನದ ಮುಂದೇನೇ ಆ ಯಜಮಾನ್ರ ಕಾಲಿಗೆ ಬಿದ್ದು ಹೇಳ್ದೆ."

"ಬೈದ್ರಾ?"

"ಬೈದಿದ್ರೆ ಚೆನ್ನಾಗಿತ್ತು! 'ನಮ್ಮವ್ವನ ದಿನ ಬಂದೋರು ಹಸ್ಕೊಂಡು ಓಗ್ಬಾರ್ದು, ಕೂತ್ಕೊ ಮಗ' ಅಂತ ಅವ್ರೇ ಕೈಯಾರೆ ಪ್ರಸಾದ ಬಡಿಸಿದ್ರು. ತಲೆ ಎತ್ತದೆ ಎಲೆ ಖಾಲಿ ಮಾಡ್ದೆ..." ಬಿಕ್ಕಿದಳು. "ಓನರ್‌ಗೂ ಹೇಳ್ದೆ. ನಾಳೆಯಿಂದ ನೀವು ಬರ್ಬೇಕಂತೆ. ನಾನು ಬೇಡ್ವಂತೆ."

ಅವನು ಒಂದು ಹೆಜ್ಜೆ ಹತ್ತಿರ ಬಂದ.

"ಅಲ್ಲಾ, ಆ ಕುರಿ ಯಾಕ್ ಹಾಕಿದ್ರಿ?"

"ನೀವಂದ್ರೆ ಇಷ್ಟ... ಬಾಯಲ್ಲಿ ಹೇಳಕ್ಕೆ ಧೈರ್ಯ ಇರಲಿಲ್ಲ."

ಹನೂರಿನ ಕಡೆ ಹೋಗುವ ಬಸ್ಸು ಬಂದು ನಿಂತಿತು. ಮಧುಶ್ರೀ ಕಣ್ಣೊರೆಸಿಕೊಂಡಳು.

"ಕೋಪ ಹೋಯ್ತಾ?"

"ಇಲ್ಲ. ಇನ್ನೂ ಅದೆ."

ಅವಳು ತಲೆಯಾಡಿಸಿ ಮೆಟ್ಟಿಲಿಗೆ ಕಾಲಿಟ್ಟಳು. ಹಿಂದಿನಿಂದ ಅವನು ಮೆಲ್ಲಗೆ ಅವಳ ಬ್ಯಾಗು ಹಿಡಿದುಕೊಂಡ.

"ಈ ಬಸ್ಸು ಓಗ್ಲಿ ಬಿಡಿ, ಮಧು... ಮುಂದಿನ್ದಕ್ಕೆ ಓಗೀರಂತೆ."