ಒಣಗಲು ಬಿಡದ ದೋಣಿ

"ಬೇರೆ ಯಾರೂ ಸಿಗ್ಲಿಲ್ವಾ ಟೀಚರ್? ಇವರನ್ನೇ ಕರೆಸ್ಬೇಕಿತ್ತಾ?"

ಆ ದನಿ ಕೇಳಿದ್ದೇ ತಡ, ಅವಳ ಕಾಲು ಅಲ್ಲೇ ನಿಂತುಬಿಟ್ಟಿತು. ಐದು ವರ್ಷ! ಈ ದನಿ ಕಿವಿಗೆ ಬೀಳದಿರಲಿ ಎಂದು ಊರಿನ ಅರ್ಧ ಬೀದಿಗಳನ್ನೇ ಬಿಟ್ಟು ಓಡಾಡಿದ್ದಳು. ಈಗ ನೋಡಿದರೆ ಎದುರಿಗೇ ನಿಂತಿದ್ದಾನೆ, ಕಂಪನಿಯ ಅಂಗಿ ತೊಟ್ಟುಕೊಂಡು.

ದೋಣಿ ರಿಪೇರಿಯ ಅಂಗಳದಲ್ಲಿ ಕಬ್ಬಿಣದ ಆಸರೆಗಳ ಮೇಲೆ ಎರಡು ಹಾಯಿದೋಣಿಗಳು ಅಕ್ಕಪಕ್ಕ ನಿಂತಿದ್ದವು. ಎರಡೂ ಮೂವತ್ತಾರು ಅಡಿ. ಒಂದು ಅವನ ಕಂಪನಿ ಮಾರುವ ಹೊಚ್ಚ ಹೊಸದು. ಇನ್ನೊಂದಕ್ಕೆ ನಲವತ್ತು ವರ್ಷ. ನಿವೃತ್ತಿಯಾದ ಟೀಚರಿಗೆ ತಂಗಿಯನ್ನು ಕರೆದುಕೊಂಡು ಸಮುದ್ರ ಸುತ್ತುವ ಹುಚ್ಚು. ಎರಡರಲ್ಲಿ ಯಾವುದು ವಾಸಿ ಎಂದು ಹೇಳಲು ದೋಣಿ ಪರೀಕ್ಷಕಿಯಾದ ಇವಳನ್ನು ಕರೆಸಿದ್ದರು.

"ಯಾಕಪ್ಪಾ, ಪರಿಚಯನಾ?" ಟೀಚರ್ ಕನ್ನಡಕ ಸರಿಮಾಡಿಕೊಂಡರು.

"ಚೆನ್ನಾಗಿ ಪರಿಚಯ. ಇವರು ಬೇಡ ಅಂತ ಬರೆದ್ರೆ ಗಟ್ಟಿ ದೋಣಿನೂ ಮೂಲೆ ಸೇರತ್ತೆ."

ಅವಳು ಹಳೆಯ ದೋಣಿಯ ಕಡೆ ತಿರುಗಿದಳು. ಅಯ್ಯೋ... ಅದೇ ದೋಣಿ! ಬಣ್ಣ ಮಾತ್ರ ಬೇರೆ. ಕಿಟಕಿಯ ಮರದ ಚೌಕಟ್ಟು ಇನ್ನೂ ಸೊಟ್ಟಗೇ ಇತ್ತು. ಅದನ್ನು ಕೊರೆದವನು ಅವನೇ.

ಎರಡು ವರ್ಷ ಅವನು ಆ ದೋಣಿಯನ್ನು ತಳದಿಂದ ಕಿಟಕಿಯ ತನಕ ತಾನೇ ರಿಪೇರಿ ಮಾಡುತ್ತಾ ಜೀವ ತೇದಿದ್ದ. ಮದುವೆಯಾಗಿ ಇಬ್ಬರೂ ಅದರಲ್ಲೇ ಸಂಸಾರ ಹೂಡುವುದೆಂದು ಮಾತಾಗಿತ್ತು. "ನೆಲ ಬಿಟ್ಟು ನೀರಲ್ಲಿ ಸಂಸಾರ ಮಾಡ್ತಾಳಂತೆ, ನೆಟ್ಟಗಿದ್ಯಾ ತಲೆ?" ಎಂದು ಅವಳ ಅಪ್ಪ ದಿನಾ ಕೂಗಾಡುತ್ತಿದ್ದರು. ಮದುವೆಗೆ ಎರಡು ವಾರ ಇದ್ದಾಗ ಅವಳೇ ಪರೀಕ್ಷೆ ಮಾಡಿ ಬರೆದಳು: ಒಡಲೆಲ್ಲ ನೀರು ಕುಡಿದಿದೆ, ಸಮುದ್ರಕ್ಕೆ ಯೋಗ್ಯವಲ್ಲ.

"ನಿಮ್ಮಪ್ಪನ ಮಾತಿಗೆ ತಾಳ ಹಾಕ್ದೆ, ಅಷ್ಟೇ!" ಎಂದಿದ್ದ ಅವನು.

"ನಿನ್ನ ಜೀವ ಉಳಿಸಿದ್ದೀನಿ ಕಣೋ! ನನಗಿಂತ ಆ ದೋಣಿನೇ ಹೆಚ್ಚಾಯ್ತಾ?"

ದೋಣಿ ಬಂದಷ್ಟಕ್ಕೆ ಯಾರದೋ ಪಾಲಾಯಿತು. ಮದುವೆ ಮುರಿಯಿತು. ಇಬ್ಬರೂ ಹೊರಗೆ ತಮ್ಮದೇ ಸರಿ ಎನ್ನುತ್ತಾ ಹಲ್ಲು ಕಚ್ಚಿಕೊಂಡು ಬದುಕಿದರು.

ಅವಳು ಪುಟ್ಟ ಸುತ್ತಿಗೆಯಿಂದ ಒಡಲನ್ನು ಬಡಿಯುತ್ತಾ ಹೋದಳು. ಟಕ್, ಟಕ್... ಗಟ್ಟಿ ಸದ್ದು. ತೇವ ಅಳೆಯುವ ಮೀಟರನ್ನು ಒತ್ತಿದಳು. ಒಣಗಿದೆ. ಇನ್ನೊಂದು ಕಡೆ ಒತ್ತಿದಳು. ಅಲ್ಲೂ ಒಣಗಿದೆ!

"ಟೀಚರ್, ಇದರ ತಳ ಯಾರಾದ್ರೂ ರಿಪೇರಿ ಮಾಡಿಸಿದ್ರಾ?"

"ಇಲ್ವಂತೆ ಕಣಮ್ಮಾ. ಬರೀ ಬಣ್ಣ ಹೊಡೆಸಿದ್ದಾರೆ. ನಾಲ್ಕು ತಿಂಗಳಿಂದ ನೀರಿಗಿಳಿಸದೆ ಇಲ್ಲೇ ನಿಲ್ಸಿದ್ದಾರೆ."

ಅವಳಿಗೆ ಹಳೆಯದೆಲ್ಲ ನೆನಪಾಯಿತು. ಅಂದು ದೋಣಿಯನ್ನು ನೀರಿನಿಂದ ಎತ್ತಿದ ದಿನವೇ, ತಳದಿಂದ ಇನ್ನೂ ನೀರು ತೊಟ್ಟಿಕ್ಕುತ್ತಿದ್ದಾಗಲೇ, ಅವಳು ಮೀಟರ್ ಒತ್ತಿದ್ದಳು. ಕೆಲವು ವಾರವಾದರೂ ಒಣಗಲು ಬಿಡಬೇಕು, ಇಲ್ಲದಿದ್ದರೆ ಮೀಟರ್ ಸುಳ್ಳು ಹೇಳುತ್ತದೆ. ಈ ಕೆಲಸ ಕಲಿಯುವವರಿಗೆ ಹೇಳಿಕೊಡುವ ಮೊದಲ ಪಾಠವೇ ಅದು! ಅಂದೂ ಸುತ್ತಿಗೆ ಗಟ್ಟಿ ಎಂದೇ ಹೇಳಿತ್ತು. ಅವಳು ಕೇಳಿಸಿಕೊಳ್ಳಲಿಲ್ಲ.

'ಯಾಕೆ ಕೇಳಿಸ್ಕೊಳ್ಲಿಲ್ಲ ನಾನು? ಭಯ... ಅಪ್ಪನ ಭಯ ನನ್ನೊಳಗೂ ಹೊಕ್ಕಿತ್ತು. ಹಾಗಾದ್ರೆ ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ.'

ಈಗ ಬಾಯಿ ಮುಚ್ಚಿಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ. ಹೊಸದನ್ನೇ ಕೊಳ್ಳಿ ಎಂದರೆ ಅವನ ವ್ಯಾಪಾರವೂ ಆಗುತ್ತದೆ, ಇವಳ ಮರ್ಯಾದೆಯೂ ಉಳಿಯುತ್ತದೆ. ಎಷ್ಟು ಸುಲಭ! ಆದರೆ ಅವನ ಕೈಕೆಲಸವೇ ಕೆಟ್ಟದಿತ್ತು ಎಂಬ ಮಾತು ಸಾಯುವ ತನಕ ಅವನಿಗೆ ಅಂಟಿಕೊಂಡಿರುತ್ತದೆ...

"ಹೊಸದು ಅಗಲ ಟೀಚರ್," ಅವಳು ಶುರುಮಾಡಿದಳು. "ಒಳಗೆ ಬೆಳಕಿದೆ, ಎರಡು ರೂಮಿದೆ. ಸ್ವಲ್ಪ ಗಾಳಿ ಇದ್ರೂ ಓಡತ್ತೆ, ಬಂದರಲ್ಲಿ ಸಲೀಸಾಗಿ ತಿರುಗತ್ತೆ. ಆದ್ರೆ ಹಗುರ, ತಳ ಚಪ್ಪಟೆ. ದೊಡ್ಡ ಅಲೆ ಎದುರಾದ್ರೆ ದಬದಬ ಅಂತ ಬಡಿಯತ್ತೆ. ಹಳೇದು ಇಕ್ಕಟ್ಟು, ಒಳಗೆ ಕತ್ತಲೆ, ನಿಧಾನ. ಹಿಂದಕ್ಕೆ ತಗೊಳ್ಳೋಕೆ ಹೋದ್ರೆ ಮಾತೇ ಕೇಳಲ್ಲ. ಆದ್ರೆ ಭಾರ ಜಾಸ್ತಿ, ಒಡಲು ದಪ್ಪ. ಅಲೆ ಎದ್ರೂ ನಿಮ್ಮ ತಂಗಿಗೆ ಅಷ್ಟು ವಾಂತಿ ಬರಲ್ಲ."

"ಥೇಟ್ ನನ್ನ ಥರಾನೇ ಅನ್ನಿ!" ಟೀಚರ್ ನಕ್ಕರು. "ಗಟ್ಟಿ ಇದ್ಯಾ ಅಷ್ಟು ಹೇಳಿ."

"ಗಟ್ಟಿ ಇದೆ. ಐದು ವರ್ಷದ ಹಿಂದೆನೂ ಗಟ್ಟಿನೇ ಇತ್ತು. ಒಣಗೋಕೆ ಬಿಡದೆ ಅಳೆದು ತಪ್ಪು ಬರೆದವಳು ನಾನೇ."

 ಅವನ ಕೈಯಲ್ಲಿದ್ದ ಹೊಸ ದೋಣಿಯ ಕರಪತ್ರಗಳು ಮುದುರಿಹೋದವು.

ಟೀಚರ್ ಒಮ್ಮೆ ಅವಳನ್ನು, ಒಮ್ಮೆ ಅವನನ್ನು ನೋಡಿದರು. "ನನಗೆ ಹಳೇದೇ ಸಾಕಪ್ಪ," ಎಂದು ಮೆಲ್ಲಗೆ ಆಫೀಸಿನ ಕಡೆ ನಡೆದರು.

"ಮೇಡಂ..." ಎಂದು ಅವಳೊಡನೆ ಶುರುಮಾಡಿದವನು ಏಕವಚನಕ್ಕೆ ಇಳಿದ. "ಬಾಯಲ್ಲಿ ಏನೇ ಅಂದ್ರೂ, ನನ್ನ ಕೈನೇ ಕೆಟ್ಟದೇನೋ ಅಂತ ಆಮೇಲೆ ಉಳಿ ಹಿಡಿದೇ ಇಲ್ಲ ನಾನು. ಗೊತ್ತಾ ನಿನಗೆ?"

"ಗೊತ್ತಿರ್ಲಿಲ್ಲ..." ಅವಳ ಕಣ್ಣಿಂದ ನೀರು ದಳದಳನೆ ಇಳಿಯಿತು. "ನನ್ನ ಕ್ಷಮಿಸ್ತೀಯಾ?"

ಅವನು ದೋಣಿಯ ಒಡಲಿಗೆ ಹಣೆ ಒತ್ತಿ ನಿಂತ. 

"ಬೇರೆಯವರ ಕೈಲಿ ಇನ್ನೊಂದ್ಸಲ ನೋಡಿಸ್ಬಹುದಿತ್ತು ನಾನು. ನೋಡಿಸ್ಲಿಲ್ಲ. ಹಠ! ನೀನೇ ಬಂದು ಕ್ಷಮೆ ಕೇಳ್ಲಿ ಅಂತ ಕೂತಿದ್ದೆ." ಮುಖ ಒರೆಸಿಕೊಂಡ. "ಇವತ್ತು ಕ್ಷಮಿಸೋಕೆ ಆಗಲ್ಲ ಕಣೇ."

"ನಾಳೆ?"

"ನಾಳೆ ಬಂದು ಕೇಳು."

"ನಾಳೆನೂ ಆಗ್ಲಿಲ್ಲ ಅಂದ್ರೆ?"

"ನಾಡಿದ್ದು ಕೇಳು," ಅವನು ಮೊದಲ ಸಲ ಅವಳ ಮುಖ ನೋಡಿದ. "ಕೇಳೋದು ಮಾತ್ರ ನಿಲ್ಲಿಸ್ಬೇಡ."