ಮೂರು ಸಲ ಸತ್ತವಳು

"ಅಯ್ಯೋ... ನೀನಾ!"

ಶೂಟಿಂಗಿಗೆಂದು ಮದ್ರಾಸಿನಿಂದ ಬಂದಿದ್ದ ನಿರ್ದೇಶಕ ಶ್ರೀಪಾಲ ಮೂಡಬಿದಿರೆಯ ಹಳೆಯ ಬಸದಿಯ ಕಂಬಕ್ಕೆ ಬೆನ್ನೊತ್ತಿ ನಿಂತುಬಿಟ್ಟ. ಕೈಯಲ್ಲಿದ್ದ ಕಪ್ಪು ಕನ್ನಡಕ ನೆಲಕ್ಕೆ ಬಿತ್ತು.

ಎದುರಿಗೆ ಹೂವಿನ ತಟ್ಟೆ ಹಿಡಿದು ನಿಂತವಳು ಅನಂತಮತಿ.

ಏಳು ವರ್ಷ! ಈ ಒಂದು ಗಳಿಗೆಗೆಂದು ಅವಳು ಎಷ್ಟೊಂದು ಮಾತು ಕೂಡಿಟ್ಟಿದ್ದಳು! ಒಂದೂ ಬಾಯಿಗೆ ಬರಲಿಲ್ಲ.

"ನಾನೇ. ಯಾಕೆ, ಗುರುತು ಸಿಗಲಿಲ್ವಾ?"

ಅವನು ಅವಳ ಪಾದಗಳನ್ನೇ ನೋಡುತ್ತಿದ್ದ. ಬೆರಳುಗಳು ಮುಂದಕ್ಕಿವೆಯೋ ಹಿಂದಕ್ಕೋ ಎಂದು ಪರೀಕ್ಷಿಸುವವನ ಹಾಗೆ.

"ಎಂಥ ನೋಡ್ತೀರಿ?"

ಅಷ್ಟೇ. ಶ್ರೀಪಾಲ ತಿರುಗಿ ಓಡಿದ! ಮೂರು ಚಿತ್ರಗಳಿಗೆ ಶತದಿನೋತ್ಸವ ಕಂಡ ಮನುಷ್ಯ, ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಕುಣಿಯುತ್ತ ಓಡುವುದನ್ನು ಬಸದಿಯ ಅರ್ಚಕ ಇಂದ್ರರು ಗಂಟೆ ಬಾರಿಸುವುದನ್ನೂ ಮರೆತು ನೋಡಿದರು.

'ಹೋಗಲಿ... ಮುಖ ತೋರಿಸುವಷ್ಟೂ ಮರ್ಯಾದೆ ಉಳಿದಿಲ್ಲ!' ಅನಂತಮತಿಯ ಕಣ್ಣು ತುಂಬಿ ಬಂತು.

ಶ್ರೀಪಾಲ ಬೆಳ್ತಂಗಡಿಯ ಕಡೆಯವನು. ಅಪ್ಪನ ಬೈಗುಳ ತಿಂದು ಮದ್ರಾಸಿಗೆ ಹೊರಟಾಗ ಅವಳಿಗೆ ಮಾತ್ರ ಹೇಳಿದ್ದ. "ಒಂದು ಪಿಕ್ಚರ್ ಮಾಡಿ ಬರ್ತೇನೆ. ಬಂದು ನಿಮ್ಮ ಮನೆಯಲ್ಲಿ ಕೇಳ್ತೇನೆ."

ಪಿಕ್ಚರ್ ಬಂತು. ಅವನು ಬರಲಿಲ್ಲ.

ಬಂಟ್ವಾಳದ ಬಾವಾ ತನ್ನ ಟೆಂಟ್ ಸಿನಿಮಾದಲ್ಲಿ ಅದನ್ನು ಹಾಕಿದಾಗ, ನೆರೆಮನೆಯ ಶಶಿಪ್ರಭಾಳ ಜೊತೆ ಅವಳೂ ಹೋಗಿದ್ದಳು. ಪರದೆಯ ಮೇಲಿನ ನಾಯಕಿಗೆ ಸಿಟ್ಟು ಬಂತು. ಅವಳು ಸೆರಗಿನ ತುದಿಯನ್ನು ತೋರುಬೆರಳಿಗೆ ಸುತ್ತಿ, "ನನಗೆಂಥ? ನಿಮ್ಮಿಷ್ಟ!" ಅಂದಳು.

ಅನಂತಮತಿ ತನ್ನ ಬೆರಳನ್ನು ನೋಡಿಕೊಂಡಳು. ಸೆರಗು ಅಲ್ಲೂ ಸುತ್ತಿಕೊಂಡಿತ್ತು.

ಆ ನಾಯಕಿ ಕೊನೆಗೆ ಕೆರೆಗೆ ಬಿದ್ದು ಸತ್ತಳು. ಟೆಂಟಿಗೆ ಟೆಂಟೇ ಅತ್ತಿತು. "ಪಾಪ, ನಿನ್ನ ಹಾಗೇ ಇದ್ದಳು ಮಾರಾಯ್ತಿ!" ಎಂದು ಶಶಿಪ್ರಭಾ ಮೂಗೊರೆಸಿಕೊಂಡಳು. ಅಳದೆ ಕುಳಿತಿದ್ದವಳು ಅನಂತಮತಿಯೊಬ್ಬಳೇ. ತನ್ನ ಸಾವಿಗೆ ತಾನೇ ಅಳುವುದು ಅಷ್ಟು ಸುಲಭವಲ್ಲ.

ಎರಡನೆಯ ಚಿತ್ರದಲ್ಲಿ ಅವಳು ಜ್ವರ ಬಂದು ಸತ್ತಳು. ಮೂರನೆಯದರಲ್ಲಿ ಹಸೆಮಣೆಯ ಮೇಲೆ. ಅವಳು ಸತ್ತಷ್ಟೂ ಗಲ್ಲಾಪೆಟ್ಟಿಗೆ ತುಂಬಿತು. ಮೆಲ್ಕಾರಿನಿಂದ ತೋಡಾರಿನವರೆಗೆ ಗೋಡೆ ಸಿಕ್ಕಲ್ಲೆಲ್ಲ ಅವನ ಹೆಸರಿನ ಪೋಸ್ಟರು! ಹೆಣ್ಣು ನೋಡಲು ಬಂದಿದ್ದ ವರನ ತಾಯಿಯೊಬ್ಬಳು, "ಈ ಹುಡುಗಿಯನ್ನು ಕಂಡರೆ ಯಾಕೋ ಅಳು ಬರ್ತದೆ" ಎಂದು ಉಪ್ಪಿಟ್ಟು ತಿಂದು ಎದ್ದು ಹೋದಳು.

ಅಂದಿನಿಂದ ಅನಂತಮತಿ ಸೆರಗು ಸುತ್ತುವುದನ್ನು ಬಿಟ್ಟಳು. ಆದರೂ ಒಮ್ಮೊಮ್ಮೆ ಕನ್ನಡಿಯೊಳಗಿನವಳು ಬಿಡದೆ ಸುತ್ತುತ್ತಿದ್ದ ಹಾಗೆ ಕಾಣುತ್ತಿತ್ತು.

'ನಾನು ಅವಳ ನೆರಳೋ... ಅವಳು ನನ್ನದೋ?'

ಬಸದಿಯ ಘಟನೆಯ ಮರುದಿನ ಮಧ್ಯಾಹ್ನ, ಟೆಂಟಿನ ಬಾವಾ ಬೆವರೊರೆಸಿಕೊಳ್ಳುತ್ತ ಜಗಲಿಗೆ ಬಂದ.

"ಸಣ್ಣಕ್ಕಾ, ಸ್ವಲ್ಪ ನೀರು ಕೊಡಿ. ನಮ್ಮ ಡೈರೆಕ್ಟರಿಗೆ ಜ್ವರ. ಬಸದಿಯಲ್ಲಿ ಪ್ರೇತ ಕಂಡೆ ಅಂತಾರೆ! ಶೂಟಿಂಗ್ ನಿಂತರೆ ನನ್ನ ಟೆಂಟಿಗೆ ಮಣ್ಣು."

"ಯಾರ ಪ್ರೇತವಂತೆ?"

"ತೀರಿಹೋದ ಅನಂತಮತಿಯವರದ್ದಂತೆ. ನಿಮ್ಮ ಅಜ್ಜಿಯನ್ನು ಕಂಡರೆ ಅವರಿಗೆ ಅಷ್ಟು ಹೆದರಿಕೆ ಯಾಕೆ ಮಾರಾಯ್ರೆ?"

ನೀರಿನ ಚೊಂಬು ಅವಳ ಕೈಯಲ್ಲೇ ನಿಂತಿತು.

ಅಜ್ಜಿಯ ಹೆಸರನ್ನೇ ಮೊಮ್ಮಗಳಿಗೆ ಇಟ್ಟಿದ್ದರು. ಆದರೆ ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಹೇಳುವುದುಂಟೇ? ಹೀಗೆ ಮಗು ತೊಟ್ಟಿಲಲ್ಲೇ ಸಣ್ಣಕ್ಕನಾಯಿತು. ಊರಿಗೂ ಅವಳು ಸಣ್ಣಕ್ಕ, ಅನಂತಮತಿ ಎಂದರೆ ಅಜ್ಜಿ. ಇವಳನ್ನು ಹೆಸರು ಹಿಡಿದು ಕರೆಯುತ್ತಿದ್ದವನು ಒಬ್ಬನೇ.

"ಬಾವಾ... ಅಜ್ಜಿ ತೀರಿಕೊಂಡ ವರ್ಷ ಮದ್ರಾಸಿನಲ್ಲಿ ಅವರಿಗೆ ಎಂಥ ಹೇಳಿದ್ರಿ? ಹೇಳಿದ ಹಾಗೇ ಹೇಳಿ."

"ನಾನು ರೀಲಿನ ಡಬ್ಬಿ ತರ್ಲಿಕ್ಕೆ ಹೋದವ. ಊರಲ್ಲಿ ಎಂಥ ವಿಶೇಷ ಅಂತ ಕೇಳಿದರು. ಅನಂತಮತಿಯವರು ತೀರಿಕೊಂಡರು ಅಂದೆ. ಸುಳ್ಳಾ?"

"ಅಜ್ಜಿ ಅಂತ ಹೇಳ್ಲಿಲ್ವಾ?"

"ನನಗೆ ಅವರು ಎಂಥ ಅಜ್ಜಿಯಾ?"

ಬಾವಾ ಎಲ್ಲರಿಗೂ 'ಅವರು' ಸೇರಿಸಿಯೇ ಮಾತನಾಡುವವನು. ಬೆಕ್ಕಿಗೂ ಅದೇ ಗೌರವ. ಅದರಿಂದ ವಯಸ್ಸು ಊಹಿಸುವಂತಿರಲಿಲ್ಲ.

"ಅವರು ಎಂಥ ಹೇಳಿದರು?"

"ಹೌದಾ ಅಂದರು, ಒಳಗೆ ಹೋದರು. ನಿಮಗೆ ಆವಾಗಲೇ ಹೇಳಿದ್ದೆನಲ್ಲ!"

ಹೇಳಿದ್ದ. ಮನೆಯಲ್ಲಿ ಸಾವಾದರೂ ಬರೀ 'ಹೌದಾ' ಅಂದವನ ಮೇಲೆ ಅವಳು ಅಂದಿನಿಂದಲೂ ಹಲ್ಲು ಕಚ್ಚಿದ್ದಳು.

ಆ 'ಹೌದಾ' ಈಗ ಬೇರೆಯೇ ದನಿಯಲ್ಲಿ ಕೇಳಿಸಿತು. ಅನಂತಮತಿ ಶಶಿಪ್ರಭಾಳನ್ನು ಕೂಗಿ ಕರೆದಳು.

ಪ್ರವಾಸಿ ಬಂಗಲೆಯಲ್ಲಿ ಶ್ರೀಪಾಲ ಕಂಬಳಿ ಹೊದ್ದು ಕುಳಿತಿದ್ದ. ಶಶಿಪ್ರಭಾ, ಬಾವಾ ಇಬ್ಬರೂ ಹೊರಗೆ ನಿಂತರು, ಕಿವಿಯನ್ನು ಒಳಗೇ ಬಿಟ್ಟು.

"ಸತ್ತದ್ದು ಅಜ್ಜಿ," ಎಂದಳು ಅನಂತಮತಿ. "ನನ್ನ ಅಜ್ಜಿ. ಅವರ ಹೆಸರೂ ಅದೇ."

ಅವನು ಮೆಲ್ಲನೆ ಕೈ ಚಾಚಿ ಅವಳ ಮುಂಗೈ ಮುಟ್ಟಿದ. ಬೆಚ್ಚಗಿತ್ತು.

"ಅಜ್ಜಿಗೂ ಒಂದು ಹೆಸರು ಉಂಟು ಅಂತ... ನನಗೆ ಹೊಳೀಲೇ ಇಲ್ಲ, ಅನಂತಮತಿ!"

ಅವಳಿಗೆ ನಗು ಬಂತು. ನಗು ಮುಗಿಯುವ ಮೊದಲೇ ಅಳು ಬಂತು.

"ಒಮ್ಮೆ ಬಂದು ನೋಡ್ಲಿಕ್ಕಾಗಲಿಲ್ವಾ?"

"ನಾನು ತಡ ಮಾಡಿದ್ದಕ್ಕೇ ನೀನು ಕೆರೆಗೆ ಬಿದ್ದೆ ಅಂದುಕೊಂಡೆ. ಆಮೇಲೆ ಊರಿನ ಸುದ್ದಿ ತೆಗೆದವರನ್ನು ಬಾಗಿಲಿನಿಂದಲೇ ಕಳಿಸಿದೆ. ಆದರೆ ನೀನು ಬರ್ತಿದ್ದೆ... ಪ್ರತಿ ಥಿಯೇಟರಿನಲ್ಲೂ ಕೊನೆಯ ಸಾಲಿನಲ್ಲಿ ಕೂತಿರ್ತಿದ್ದೆ. ದೀಪ ಹಾಕಿದರೆ ಇರ್ತಿರಲಿಲ್ಲ. ಅದಕ್ಕೇ ಮತ್ತೊಂದು ಪಿಕ್ಚರ್ ಮಾಡ್ತಿದ್ದೆ."

'ಅದು ನಾನಲ್ಲ,' ಎಂದುಕೊಂಡಳು ಅವಳು. ಸವತಿ ಅಂದರೆ ಇವಳೇ ಇರಬೇಕು!

"ಅವಳು ಚೆಂದ. ಹತ್ತೊಂಬತ್ತು ದಾಟುವುದೇ ಇಲ್ಲ. ನಿಮಗೆ ಬೈಯುವುದೂ ಇಲ್ಲ. ನನಗೆ ಕೂದಲು ಬೆಳ್ಳಗಾಗ್ಲಿಕ್ಕೆ ಶುರುವಾಗಿದೆ, ಸಿಟ್ಟು ಜಾಸ್ತಿಯಾಗಿದೆ. ಯಾರು ಬೇಕು ಹೇಳಿ. ಇಬ್ಬರೂ ಸಿಗುವುದಿಲ್ಲ."

ಅವನು ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡ.

"ಅವಳಿಲ್ಲದೆ ನನಗೆ ಪಿಕ್ಚರ್ ಮಾಡ್ಲಿಕ್ಕೆ ಬರ್ತದಾ, ಗೊತ್ತಿಲ್ಲ. ಈ ನಾಲ್ಕನೆಯದರಲ್ಲೂ ಹುಡುಗಿ ಸಾಯ್ತಾಳೆ. ಸತ್ತರೆ ಮಾತ್ರ ಓಡ್ತದೆ ಅಂತಾರೆ ನಿರ್ಮಾಪಕರು."

"ಅವಳು ಸತ್ತರೆ ನಾನು ಈಗಲೇ ಮನೆಗೆ ಹೋದೆ."

"ಬದುಕಿದರೆ ಯಾರೂ ನೋಡುವುದಿಲ್ಲ, ಅನಂತಮತಿ."

"ನನ್ನ ಟೆಂಟಿನಲ್ಲಿ ಒಂದು ವಾರ ಓಡಿಸ್ತೇನೆ ಮಾರಾಯ್ರೆ!" ಹೊರಗಿನಿಂದ ಬಾವಾ ಕೂಗಿದ. "ಬೇಗ ಹೌದು ಅನ್ನಿ!"

"ಥೂ, ಸುಮ್ಮನಿರಿ ನೀವು!" ಇದು ಶಶಿಪ್ರಭಾ.

ಶ್ರೀಪಾಲ ಕಂಬಳಿ ಸರಿಸಿದ. ಅವನು ನೋಡುತ್ತಿದ್ದದ್ದು ಈಗ ಅವಳ ಬೈತಲೆಯ ಬಳಿಯ ಬಿಳಿ ಕೂದಲನ್ನು. ಯಾವ ಚಿತ್ರದಲ್ಲೂ ಅವನು ಅದನ್ನು ತೋರಿಸಿರಲಿಲ್ಲ.

"ಬದುಕಿಸ್ತೇನೆ. ನೀನೇ ಬೇಕು... ಬೈಯುವವಳು. ಆದರೆ ಬದುಕಿದ ಮೇಲೆ ಅವಳು ಎಂಥ ಮಾಡ್ತಾಳೆ? ನನಗೆ ಆ ಸೀನ್ ಗೊತ್ತಿಲ್ಲ."

"ಊಟಕ್ಕೆ ಕರೀತಾಳೆ. ನಾವು ಜೈನರು ಹೊತ್ತು ಮುಳುಗುವ ಮೊದಲು ಉಣ್ಣಬೇಕಲ್ಲ? ಏಳಿ."

"ಉಣ್ಣುವಾಗಲೇ ನಿನ್ನ ಅಮ್ಮನ ಹತ್ತಿರ ಕೇಳ್ತೇನೆ."

"ಬಾಯಲ್ಲಿ ಅನ್ನ ಇಟ್ಟುಕೊಂಡಾ? ನಾಚಿಕೆ ಇಲ್ವಾ?"

"ನುಂಗುವವರೆಗೆ ಕಾಯ್ಲಿಕ್ಕೆ ನನಗೆ ಧೈರ್ಯ ಇಲ್ಲ, ಅನಂತಮತಿ."